ಬ್ಯಾಟರಿ ಹೋಗಿದೆ ಎನ್ನುವ ಮುನ್ನ

ಈ ವಾರದ ಅಂಕಣವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ. ತಪ್ಪು ನನ್ನದು. ಅದರ ಬೆಲೆ ತೆತ್ತದ್ದು ಹೊಳೆನರಸೀಪುರ ತಾಲ್ಲೂಕಿನ ಒಂದು ರೈತ ಕುಟುಂಬ.

ಆ ಮನೆಯ ಯಜಮಾನ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಅವನ ಮಗಳು ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಳು. ಊರಿನಿಂದ ಕಾಲೇಜಿಗೆ ಒಂಬತ್ತು ಕಿಲೋಮೀಟರ್. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವೇನೋ ಆಯಿತು. ಆದರೆ ಆ ಊರಿಗೆ ಬಸ್ಸು ಬರುವ ಹೊತ್ತಿಗೆ ಕಾಲೇಜಿನಲ್ಲಿ ಎರಡನೆಯ ಪೀರಿಯಡ್ ಮುಗಿದಿರುತ್ತದೆ. ಅದಕ್ಕೇ ಅಪ್ಪ ಒಂದು ಬ್ಯಾಟರಿ ಗಾಡಿ ಕೊಡಿಸಿದ್ದ. ಮೋಟಾರು 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರುವ ಇಂಥ ಗಾಡಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. (ಹೆಲ್ಮೆಟ್ ಬೇಡವೆಂದು ಮಾತ್ರ ಯಾರೂ ತಿಳಿಯಬಾರದು. ತಲೆಗೆ ನೋಂದಣಿಯ ವಿಚಾರ ಗೊತ್ತಿರುವುದಿಲ್ಲ.)

ಒಂದೂವರೆ ವರ್ಷ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಕೆರೆ ಏರಿ ದಾಟಿ ಸಿಗುವ ದಿಬ್ಬದಲ್ಲಿ ನಿಲ್ಲತೊಡಗಿತು. ಎರಡು ನಿಮಿಷ ಸುಮ್ಮನಿದ್ದರೆ ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಮದುವೆಯೊಂದಕ್ಕೆಂದು ಆ ಊರಿಗೆ ಹೋಗಿದ್ದ ನನ್ನನ್ನು ಅಪ್ಪ ಮಗಳಿಬ್ಬರೂ ಗಾಡಿಯ ಬಳಿಗೆ ಕರೆದೊಯ್ದರು. ನಾನೇ ಏರಿ ದಿಬ್ಬದವರೆಗೆ ಹೋಗಿ ಬಂದೆ. ನೆಲ ಸಮವಾಗಿದ್ದಾಗ ನಾಲ್ಕು ಗೀಟು ತೋರಿಸುತ್ತಿದ್ದ ಚಾರ್ಜಿನ ಗುರುತು ದಿಬ್ಬದಲ್ಲಿ ಒಂದಕ್ಕೆ ಇಳಿದು ಆರಿಹೋಯಿತು. "ಬ್ಯಾಟರಿ ಹೋಗಿದೆ ಕಣಯ್ಯ, ಬದಲಾಯಿಸಿಬಿಡು" ಎಂದೆ. ಇಷ್ಟು ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ. ಊಟಕ್ಕೆ ಎಲೆ ಹಾಕಿದ್ದರು, ನಾನು ಪಂಕ್ತಿಗೆ ಹೊರಟೆ.

ಮೇಷ್ಟ್ರ ಮಾತೆಂದು ಅವನು ಒಂದು ಕಡಸು ಮಾರಿದ. ದುಡ್ಡು ಹೊಂದಿಸಿ ಹೊಸ ಬ್ಯಾಟರಿ ತರುವ ಹೊತ್ತಿಗೆ ಹನ್ನೊಂದು ದಿನ ಆಗಿತ್ತು. ಅಷ್ಟೂ ದಿನ ಹುಡುಗಿ ಬೆಳಗಿನ ಪಾಠಗಳನ್ನು ಕಳೆದುಕೊಂಡಳು. ಭೌತಶಾಸ್ತ್ರದ ಪ್ರಯೋಗ ತರಗತಿಗಳೂ ಅದರಲ್ಲಿ ಸೇರಿದ್ದವು. ಹನ್ನೆರಡನೆಯ ದಿನ ರಾತ್ರಿ ಫೋನ್ ಬಂತು. "ಮೇಷ್ಟ್ರೇ, ಹೊಸಾ ಬ್ಯಾಟ್ರಿ ಹಾಕ್ಸಿದೀನಿ. ಅದೇ ದಿಬ್ಬ, ಅಲ್ಲೇ ನಿಂತ್ಕತದೆ." ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. "ಇನ್ನು ಆ ಗಾಡೀನೂ ಬ್ಯಾಡ, ಕಾಲೇಜೂ ಬ್ಯಾಡ ಅಂತ ಅವಳವ್ವ ಅಂತಾವ್ಳೆ" ಎಂದೂ ಸೇರಿಸಿದ.

ಮರುದಿನ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದುಕೊಂಡು ಹೊರಟೆ. ಮೊದಲ ದಿನವೇ ಹಿಡಿದು ಹೋಗಬೇಕಾಗಿದ್ದ ಸಾಧನ ಅದು. ನಾನು ಹೋಗುವಷ್ಟರಲ್ಲಿ ಹುಡುಗಿಯೇ ಕಳ್ಳನನ್ನು ಹಿಡಿದಿದ್ದಳು. "ಸಾರ್, ಗಾಡಿ ನಿಂತ ತಕ್ಷಣ ಸೀಟೆತ್ತಿ ಮುಟ್ಟಿ ನೋಡಿದೆ. ಬ್ಯಾಟರಿ ತಣ್ಣಗಿದೆ, ಈ ಪ್ಲಗ್ ಸುಡ್ತಾ ಇದೆ" ಎಂದು ತೋರಿಸಿದಳು. ಬ್ಯಾಟರಿಯ ತಂತಿ ಮೋಟಾರಿನ ನಿಯಂತ್ರಕಕ್ಕೆ ಸೇರುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಪ್ಲಗ್ ಇರುತ್ತದೆ. ಅದರ ಒಂದು ಬದಿ ಕಂದುಬಣ್ಣಕ್ಕೆ ತಿರುಗಿ ಕರಗಲು ಶುರುವಾಗಿತ್ತು. ಒಳಗಿನ ಲೋಹದ ಹಿಡಿತ ಸಡಿಲವಾಗಿ ಕಿಲುಬು ಹಿಡಿದಿತ್ತು. ಕೆಟ್ಟದ್ದು ಅದೊಂದೇ.

ಹೊಸ ಪ್ಲಗ್ ಹಾಕಿಸಿದ ಮೇಲೆ ಗಾಡಿ ದಿಬ್ಬ ಹತ್ತಿತು. ಹಳೆಯ ಬ್ಯಾಟರಿಗಳು ಆಗಲೇ ಅಂಗಡಿಗೆ ಹೋಗಿದ್ದವು. ಅವು ಇನ್ನೂ ಒಂದು ವರ್ಷ ಬಾಳುತ್ತಿದ್ದವೋ ಏನೋ. ಅಳೆದು ನೋಡುವ ಅವಕಾಶವನ್ನೂ ನಾನು ಉಳಿಸಿರಲಿಲ್ಲ.

ಗೀಟು ನಂಬಿ ಕೆಟ್ಟೆ

ವಿದ್ಯಾರ್ಥಿ ಮಿತ್ರರು ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡಬೇಕು. ಓಮ್‌ನ ನಿಯಮ ಹತ್ತನೆಯ ತರಗತಿಯಲ್ಲೇ ಬಂದಿದೆ. ವಿಭವಾಂತರ ಎಂದರೆ ಪ್ರವಾಹ ಗುಣಿಸು ರೋಧ. ದಿಬ್ಬ ಹತ್ತುವಾಗ ಆ ಗಾಡಿ ಸುಮಾರು 10 ಆಂಪಿಯರ್ ಎಳೆಯುತ್ತದೆ ಎನ್ನಿ. ಸಡಿಲ ಪ್ಲಗ್ಗಿನ ರೋಧ 0.4 ಓಮ್ ಎಂದುಕೊಳ್ಳಿ. ಪ್ಲಗ್ಗಿನಲ್ಲೇ 4 ವೋಲ್ಟ್ ಸೋರಿಹೋಯಿತು. ಬ್ಯಾಟರಿಯ ತುದಿಯಲ್ಲಿ 46 ವೋಲ್ಟ್ ಇದ್ದರೂ ನಿಯಂತ್ರಕಕ್ಕೆ ತಲುಪುವುದು 42. '48 ವೋಲ್ಟ್' ಸೀಸದ ಬ್ಯಾಟರಿಯ ಗಾಡಿಗಳಲ್ಲಿ ಹೆಚ್ಚುಕಡಿಮೆ ಆ ಮಟ್ಟಕ್ಕೆ ಬಂದಾಗ ನಿಯಂತ್ರಕ 'ಬ್ಯಾಟರಿ ಖಾಲಿ' ಎಂದು ತಿಳಿದು ಮೋಟಾರನ್ನು ನಿಲ್ಲಿಸುತ್ತದೆ. ಗಾಡಿ ನಿಂತರೆ ಪ್ರವಾಹವಿಲ್ಲ. ಪ್ರವಾಹವಿಲ್ಲದಿದ್ದರೆ ಸೋರಿಕೆಯೂ ಇಲ್ಲ. ಗೀಟುಗಳು ಮತ್ತೆ ನಾಲ್ಕಕ್ಕೆ ಏರುತ್ತವೆ!

ಸೋರಿದ ಶಕ್ತಿ ಎಲ್ಲಿ ಹೋಯಿತು? 4 ವೋಲ್ಟನ್ನು 10 ಆಂಪಿಯರಿನಿಂದ ಗುಣಿಸಿದರೆ 40 ವಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್‌ನಷ್ಟು ಶಾಖ. ಹುಡುಗಿಯ ಬೆರಳಿಗೆ ಸುಟ್ಟದ್ದು ಅದೇ. ಹ್ಯಾಂಡಲ್ ಮೇಲಿನ ಗೀಟುಗಳು ಪ್ಲಗ್ಗಿನ ಆಚೆ ಬದಿಯಿಂದ ವಿದ್ಯುತ್ ಪಡೆಯುತ್ತವೆ. ಆದ್ದರಿಂದ ದೋಷ ಬ್ಯಾಟರಿಯದೋ ಪ್ಲಗ್ಗಿನದೋ ಎಂದು ಅವು ಹೇಳಲಾರವು. ನಾನು ಆ ಗೀಟುಗಳನ್ನು ನಂಬಿದೆ, ಹುಡುಗಿ ತನ್ನ ಬೆರಳನ್ನು ನಂಬಿದಳು.

'ಬ್ಯಾಟರಿ ಹೋಗಿದೆ' ಎಂಬುದು ಎಲ್ಲ ಪರೀಕ್ಷೆ ಮುಗಿದ ಮೇಲೆ ಬರಬೇಕಾದ ತೀರ್ಮಾನ. ನಾವು ಅದನ್ನೇ ಮೊದಲ ಮಾತಾಗಿ ಹೇಳಿಬಿಡುತ್ತೇವೆ. ಈ ಘಟನೆಯ ನಂತರ ಹಾಸನ, ಚನ್ನರಾಯಪಟ್ಟಣ, ಅರಕಲಗೂಡುಗಳಲ್ಲಿ ಪರಿಚಿತರ ಇನ್ನೂ ಮೂರು 'ಹೋದ' ಬ್ಯಾಟರಿಗಳನ್ನು ಅಳೆದು ನೋಡಿದೆ. ಒಂದು ಮಾತ್ರ ನಿಜವಾಗಿ ಹೋಗಿತ್ತು. ಮೊದಲು ಅದರ ಕಥೆ.

ಚನ್ನರಾಯಪಟ್ಟಣ: ಹೂಳು ತುಂಬಿದ ಕೆರೆ

ಕಡಿಮೆ ವೇಗದ ಅಗ್ಗದ ಗಾಡಿಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಸೀಸ-ಆಮ್ಲದ ಬ್ಯಾಟರಿ. ಇದನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ. ಸೀಸದ ಫಲಕ ಒಂದು, ಸೀಸದ ಡೈಆಕ್ಸೈಡಿನ ಫಲಕ ಇನ್ನೊಂದು, ನಡುವೆ ನೀರು ಬೆರೆತ ಗಂಧಕಾಮ್ಲ. ಬ್ಯಾಟರಿ ಖಾಲಿಯಾಗುತ್ತ ಹೋದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಮೊದಲಿನಂತಾಗುತ್ತದೆ. ಆದರೆ ಖಾಲಿ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಮತ್ತೆ ಕರಗುವುದಿಲ್ಲ.

ಕೆರೆಯ ಹೋಲಿಕೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ನೀರಿನ ಮಟ್ಟವೇ ವೋಲ್ಟ್, ತೂಬಿನಿಂದ ಹರಿಯುವ ನೀರೇ ಆಂಪಿಯರ್, ಕೆರೆಯಲ್ಲಿ ಒಟ್ಟು ಹಿಡಿಯುವ ನೀರೇ ಆಂಪಿಯರ್-ಗಂಟೆ. ಗಟ್ಟಿಯಾದ ಸಲ್ಫೇಟ್ ಎಂದರೆ ಹೂಳು. ಹೂಳು ತುಂಬಿದ ಕೆರೆಯೂ ಮಳೆಗಾಲದಲ್ಲಿ ಕೋಡಿ ಬೀಳುತ್ತದೆ, ನೋಡಿದವರಿಗೆ ತುಂಬಿದಂತೆಯೇ ಕಾಣುತ್ತದೆ. ತೂಬು ಎತ್ತಿದಾಗ ನಾಲ್ಕೇ ದಿನದಲ್ಲಿ ಬರಿದು!

ಚನ್ನರಾಯಪಟ್ಟಣದ ಪರಿಚಿತರ ಗಾಡಿಯಲ್ಲಿ ತಲಾ 12 ವೋಲ್ಟಿನ ನಾಲ್ಕು ಬ್ಯಾಟರಿಗಳಿದ್ದವು. ರೈಲಿನ ಬೋಗಿಗಳಂತೆ ಒಂದರ ಹಿಂದೆ ಒಂದು, ಸರಣಿ ಜೋಡಣೆ. ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ಮೂರು ಗಂಟೆ ಬಿಟ್ಟು ಅಳೆದೆವು. ಮೂರರಲ್ಲಿ 12.9 ವೋಲ್ಟ್, ನಾಲ್ಕನೆಯದರಲ್ಲಿ 12.6. ಮೇಲುನೋಟಕ್ಕೆ ಎಲ್ಲವೂ ಸರಿ ಎನ್ನಬಹುದಿತ್ತು.

ಆದರೆ ಬೂಕನಬೆಟ್ಟದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಅದು ಗೂಟದ ಬಳಿ ನಿಂತ ಚಂದ ನೋಡಿಯೇ ದುಡ್ಡು ಎಣಿಸುವುದಿಲ್ಲ. ನೊಗ ಹೊರಿಸಿ ನೋಡಬೇಕು. ಬ್ಯಾಟರಿಗೂ ಹಾಗೆಯೇ. ಕಾರಿನ ಹೆಡ್‌ಲೈಟಿನ 12 ವೋಲ್ಟ್, 60 ವಾಟ್ ಬಲ್ಬೊಂದನ್ನು ಹೋಲ್ಡರ್ ಸಮೇತ ತಂದೆವು. 60ನ್ನು 12ರಿಂದ ಭಾಗಿಸಿದರೆ 5 ಆಂಪಿಯರ್. ಸಮನೆಲದಲ್ಲಿ ಗಾಡಿ ಎಳೆಯುವಷ್ಟೇ ಹೊರೆ. ಒಂದೊಂದೇ ಬ್ಯಾಟರಿಗೆ ಬಲ್ಬನ್ನು ಜೋಡಿಸಿ, ಐದು ನಿಮಿಷ ಉರಿಸುತ್ತ ಮೀಟರ್ ನೋಡಿದೆವು. ಮೂರು ಬ್ಯಾಟರಿಗಳು 12ರ ಮೇಲೆಯೇ ನಿಂತವು. ನಾಲ್ಕನೆಯದು ಮೂರೇ ನಿಮಿಷದಲ್ಲಿ 10 ವೋಲ್ಟಿಗೆ ಇಳಿಯಿತು, ಬಲ್ಬಿನ ಬೆಳಕೂ ಕೆಂಪಾಯಿತು. ಹೊರೆಯಲ್ಲಿ 10.5 ವೋಲ್ಟಿಗೆ ಬಂದ 12 ವೋಲ್ಟಿನ ಸೀಸದ ಬ್ಯಾಟರಿಯನ್ನು ಖಾಲಿ ಎಂದೇ ಲೆಕ್ಕ. ಮೂರು ನಿಮಿಷಕ್ಕೇ ಖಾಲಿಯಾಗುವ ಬ್ಯಾಟರಿಯಿಂದ ಗಾಡಿ ಓಡುವುದು ಹೇಗೆ?

ಒಂದು ಹೋದರೆ ಒಂದನ್ನೇ ಬದಲಾಯಿಸಿದರೆ ಸಾಲದೇ ಎಂದು ಪೋಷಕರು ಕೇಳುವುದು ನ್ಯಾಯವೇ. ಗುಂಪು ಇನ್ನೂ ಹೊಸತಾಗಿದ್ದರೆ, ಅಂದರೆ ಕೆಲವೇ ತಿಂಗಳ ಬಳಕೆಯಾಗಿದ್ದರೆ, ಅದೇ ಕಂಪನಿಯ ಅದೇ ಸಾಮರ್ಥ್ಯದ ಒಂದನ್ನು ಹಾಕಬಹುದು. ಆಗ ವಾರಂಟಿಯೂ ಇರುತ್ತದೆ. ಈ ಗುಂಪಿಗೆ ಮೂರು ವರ್ಷ ತುಂಬಿತ್ತು. ಮೂರು ಮುದಿ ಎತ್ತುಗಳ ಜೊತೆ ಒಂದು ಹೋರಿ ಕಟ್ಟಿದಂತೆ, ಹಳೆಯವು ಬೇಗ ಖಾಲಿಯಾಗುತ್ತವೆ, ಬೇಗ ತುಂಬುತ್ತವೆ. ಸರಣಿಯಲ್ಲಿ ಎಲ್ಲಕ್ಕೂ ಹರಿಯುವುದು ಒಂದೇ ಪ್ರವಾಹ. ಹೀಗಾಗಿ ಹಳೆಯವು ಅತಿಯಾಗಿ ಚಾರ್ಜ್ ಆಗಿ ಒಣಗುತ್ತವೆ, ಹೊಸತು ಎಂದೂ ಪೂರ್ತಿ ತುಂಬುವುದಿಲ್ಲ. ಆರು ತಿಂಗಳಲ್ಲಿ ಮತ್ತೊಂದು ಕೈಕೊಡುತ್ತದೆ. ನಾಲ್ಕನ್ನೂ ಬದಲಾಯಿಸಿ ಎಂದೆ. ಈ ಬಾರಿ ಹಾಗೆ ಹೇಳಲು ನನ್ನ ಕೈಯಲ್ಲಿ ಅಂಕಿಗಳಿದ್ದವು.

ಹಾಸನ: ಹೆಸರು ಒಂದೇ, ಅಳತೆ ಬೇರೆ

ಹಾಸನದ ಹುಡುಗನೊಬ್ಬ ಹಾಸ್ಟೆಲಿನಲ್ಲಿ ಚಾರ್ಜರ್ ಕಳೆದುಕೊಂಡ. ಅದೇ ಪಿನ್ನು ಇರುವ, '48 ವೋಲ್ಟ್' ಎಂದೇ ಬರೆದಿರುವ ಇನ್ನೊಂದನ್ನು ಕೊಂಡ. ಎರಡು ತಿಂಗಳಲ್ಲಿ ಗಾಡಿ ಮೊದಲಿನ ಅರ್ಧ ದೂರವೂ ಹೋಗದಾಯಿತು. ಡಿಸೆಂಬರ್ ತಿಂಗಳು, ಚಳಿಗೆ ಹೀಗಾಗಿದೆ ಎಂದರು ಕೆಲವರು. ಅದು ಪೂರ್ತಿ ಸುಳ್ಳಲ್ಲ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಬಡವರ ಊಟಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸೀಸದ ಬ್ಯಾಟರಿ ಪ್ರತಿ ಡಿಗ್ರಿ ತಂಪಿಗೆ ತನ್ನ ಸಾಮರ್ಥ್ಯದಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಕಳೆದುಕೊಳ್ಳುತ್ತದೆ. 25 ಡಿಗ್ರಿಯಲ್ಲಿ 40 ಕಿಲೋಮೀಟರ್ ಓಡುವ ಗಾಡಿ 15 ಡಿಗ್ರಿಯ ಮುಂಜಾವಿನಲ್ಲಿ 36 ಓಡೀತು. ಅರ್ಧಕ್ಕೆ ಇಳಿಯಲು ಚಳಿ ಕಾರಣವಲ್ಲ.

ಚಾರ್ಜರನ್ನು ಅಳೆದಾಗ 54.6 ವೋಲ್ಟ್ ಬಂತು. ವಿಷಯ ಗೊತ್ತಾಯಿತು. ಅದು ಲಿಥಿಯಂ ಬ್ಯಾಟರಿಯ ಚಾರ್ಜರ್. ಒಂದು ಬಗೆಯ ಲಿಥಿಯಂ ಕೋಶ ಪೂರ್ತಿ ತುಂಬಿದಾಗ 4.2 ವೋಲ್ಟ್, ಅಂಥ 13 ಕೋಶಗಳ ಸರಣಿಗೆ 54.6. ಸೀಸದ ನಾಲ್ಕು ಬ್ಯಾಟರಿಗಳ ಗುಂಪನ್ನು ರಾತ್ರಿಯೊಳಗೆ ತುಂಬಲು 58ರಿಂದ 59 ವೋಲ್ಟ್ ಬೇಕು. ಎರಡು ತಿಂಗಳಿಂದ ಆ ಬ್ಯಾಟರಿಗಳು ಅರೆಹೊಟ್ಟೆಯಲ್ಲಿದ್ದವು. ಚಾರ್ಜರಿನ ಹಸಿರು ದೀಪ ಮಾತ್ರ ಪ್ರತಿದಿನ ತಪ್ಪದೆ ಹತ್ತುತ್ತಿತ್ತು. ಸರಿಯಾದ ಚಾರ್ಜರ್ ಬಂದ ಮೇಲೆ ಕೆಲವು ದಿನಗಳಲ್ಲಿ ಬಹುಪಾಲು ದೂರ ಮರಳಿ ಬಂತು. ಪೂರ್ತಿ ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ಸ್ವಲ್ಪ ಹೂಳು ಗಟ್ಟಿಯಾಗಿಬಿಟ್ಟಿತ್ತು.

ಇದರ ತಿರುವುಮುರುವಾಗಿದ್ದರೆ? ಸೀಸದ ಚಾರ್ಜರನ್ನು 13 ಕೋಶಗಳ ಲಿಥಿಯಂ ಬ್ಯಾಟರಿಗೆ ಹಾಕಿದ್ದರೆ ಪ್ರತಿ ಕೋಶಕ್ಕೂ ಮಿತಿಮೀರಿದ ವೋಲ್ಟೇಜ್. ಒಳಗಿನ ರಕ್ಷಣಾ ಮಂಡಲ ತಡೆಯದಿದ್ದರೆ ಬೆಂಕಿ. ಹಳೆಯ ಸೀಸದ ಗುಂಪನ್ನು ತೆಗೆದು ಲಿಥಿಯಂ ಹಾಕಿಸುವವರು ಚಾರ್ಜರನ್ನೂ ಬದಲಾಯಿಸಲೇಬೇಕು. ಹಳೆಯದು ಚೆನ್ನಾಗಿದೆಯಲ್ಲ ಎಂದು ಉಳಿತಾಯ ಮಾಡುವ ಜಾಗ ಇದಲ್ಲ.

ಅರಕಲಗೂಡು: ಸತ್ತಿರಲಿಲ್ಲ, ಮಲಗಿತ್ತು

ಅರಕಲಗೂಡಿನ ಗಾಡಿ ಲಿಥಿಯಂ ಬ್ಯಾಟರಿಯದು. ಮಗ ಓದಲು ಬೇರೆ ಊರಿಗೆ ಹೋದ, ಗಾಡಿ ಐದು ತಿಂಗಳು ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತು. ರಜೆಗೆ ಬಂದು ಕೀ ತಿರುಗಿಸಿದರೆ ದೀಪವೂ ಹತ್ತಲಿಲ್ಲ. ಬ್ಯಾಟರಿಯ ಪೆಟ್ಟಿಗೆ ಬಿಚ್ಚಿ, ಒಳಗಿನ ಮಂಡಲವನ್ನು ಬಿಟ್ಟು, ಕೋಶಗಳಿಗೇ ನೇರವಾಗಿ ಚಾರ್ಜ್ ಕೊಟ್ಟು ಎಬ್ಬಿಸುತ್ತೇನೆ ಎಂದು ಯಾರೋ ಹೇಳಿದರಂತೆ. ಪುಣ್ಯಕ್ಕೆ ತಂದೆ ಒಪ್ಪುವ ಮೊದಲು ನನಗೆ ಫೋನ್ ಮಾಡಿದರು. ಬೇಡ ಎಂದೆ. ಯಾಕೆ ಬೇಡ ಎಂಬುದನ್ನು ಎಲ್ಲರೂ ತಿಳಿದಿರಬೇಕು.

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪನಿ, 1991ರಲ್ಲಿ. ಅದಕ್ಕೆ ಬುನಾದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಸೀಸಕ್ಕಿಂತ ಬಹಳ ಹಗುರ, ಬಾಳಿಕೆಯೂ ಹೆಚ್ಚು. ಆದರೆ ಅತಿಯಾಗಿ ತುಂಬಿದರೂ ಸಹಿಸದು, ಅತಿಯಾಗಿ ಬರಿದಾದರೂ ಸಹಿಸದು. ಅದಕ್ಕೇ ಪೆಟ್ಟಿಗೆಯೊಳಗೆ ಬಿಎಂಎಸ್ ಎಂಬ ಕಾವಲುಗಾರ ಮಂಡಲ ಇರುತ್ತದೆ. ಕೋಶದ ವೋಲ್ಟೇಜ್ ಕೆಳಮಿತಿಗೆ ಬಂದೊಡನೆ ಅದು ಬಾಗಿಲು ಮುಚ್ಚಿಬಿಡುತ್ತದೆ. ಹೊರಗಿನಿಂದ ಅಳೆದರೆ ಸೊನ್ನೆ! ಇದು ಸಾವಲ್ಲ, ರಕ್ಷಣೆಯ ನಿದ್ರೆ.

ಈ ನಿದ್ರೆಯಲ್ಲೂ ಕೋಶಗಳು ನಿಧಾನವಾಗಿ ಬರಿದಾಗುತ್ತಲೇ ಇರುತ್ತವೆ. ತೀರಾ ಕೆಳಕ್ಕೆ ಇಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಕೋಶಕ್ಕೆ ಮತ್ತೆ ಚಾರ್ಜ್ ಕೊಟ್ಟಾಗ ಆ ತಾಮ್ರ ಬೇರೆ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಹೊರಗಿನಿಂದ ನೋಡಿ ಇದನ್ನು ಹೇಳಲು ಸಾಧ್ಯವಿಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದದ್ದು ನೆನಪಿರಬಹುದು. ಆ ಬಳಿಕ ಎಐಎಸ್-156 ಎಂಬ ಸುರಕ್ಷಾ ಮಾನದಂಡವನ್ನು ಬಿಗಿಗೊಳಿಸಲಾಯಿತು. ಅದರ ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಕಾವಲುಗಾರನನ್ನು ಹೊರದಬ್ಬಿ ಚಾರ್ಜ್ ಕೊಡುವುದೆಂದರೆ ಈ ಎಲ್ಲ ಪಾಠವನ್ನೂ ಒರೆಸಿಹಾಕಿದಂತೆ.

ಬ್ಯಾಟರಿಯನ್ನು ತಯಾರಕರ ಸೇವಾ ಕೇಂದ್ರಕ್ಕೆ ಒಯ್ದರು. ಅಲ್ಲಿ ಪ್ರತಿಯೊಂದು ಕೋಶಸಾಲಿನ ವೋಲ್ಟೇಜನ್ನೂ ನೋಡಿ, ಎಲ್ಲವೂ ಸುರಕ್ಷಿತ ಮಿತಿಯಲ್ಲೇ ಇವೆಯೆಂದು ಖಚಿತಪಡಿಸಿಕೊಂಡು, ಸಣ್ಣ ಪ್ರವಾಹ ಕೊಟ್ಟು ಎಬ್ಬಿಸಿದರು. ಬ್ಯಾಟರಿ ಇಂದಿಗೂ ಓಡುತ್ತಿದೆ. ಎರಡು ತಿಂಗಳು ತಡವಾಗಿದ್ದರೆ ಏನಾಗುತ್ತಿತ್ತೋ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಲಿಥಿಯಂ ಬ್ಯಾಟರಿಯನ್ನು ಸುಮಾರು ಅರ್ಧ ಚಾರ್ಜಿನಲ್ಲಿಟ್ಟು, ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು. ಸೀಸದ್ದನ್ನಾದರೆ ಪೂರ್ತಿ ತುಂಬಿಸಿಡಬೇಕು.

ಪರೀಕ್ಷೆಯ ಕ್ರಮ

ಇಷ್ಟನ್ನೂ ಒಂದು ಕ್ರಮಕ್ಕೆ ತರೋಣ. ಅಗ್ಗದ್ದನ್ನು ಮೊದಲು ನೋಡಬೇಕು, ದುಬಾರಿಯದನ್ನು ಕೊನೆಗೆ.

ಗಾಡಿ ಪೂರ್ತಿ ಸತ್ತಂತಿದ್ದರೆ ಮೊದಲು ಸೀಟಿನಡಿಯ ಎಂಸಿಬಿ ಮತ್ತು ಫ್ಯೂಸ್ ನೋಡಿ. ದೀಪ ಹತ್ತಿ ಮೋಟಾರು ಮಾತ್ರ ತಿರುಗದಿದ್ದರೆ ಬ್ರೇಕ್ ಹಿಡಿಯ ಸ್ವಿಚ್ ನೋಡಿ. ಬ್ರೇಕ್ ಹಿಡಿದಾಗ ಮೋಟಾರನ್ನು ನಿಲ್ಲಿಸುವ ಈ ಸ್ವಿಚ್ಚು ಅಂಟಿಕೊಂಡರೆ ಗಾಡಿ ಕದಲುವುದಿಲ್ಲ.

ಎರಡನೆಯದು ಚಾರ್ಜರ್. ಅದರ ಮೇಲೆ ಬರೆದ ಬ್ಯಾಟರಿಯ ಜಾತಿ ಮತ್ತು ವೋಲ್ಟೇಜನ್ನು ನಿಮ್ಮ ಗಾಡಿಯದಕ್ಕೆ ಹೋಲಿಸಿ, ಬಳಿಕ ಅಳೆಯಿರಿ. ಕೆಲವು ಚಾರ್ಜರುಗಳು ಬ್ಯಾಟರಿಗೆ ಜೋಡಿಸದೆ ವೋಲ್ಟೇಜ್ ಕೊಡುವುದಿಲ್ಲ. ಸೊನ್ನೆ ಬಂದೊಡನೆ ಅದನ್ನೂ 'ಹೋಗಿದೆ' ಎನ್ನಬೇಡಿ. ಜೋಡಿಸಿದ ಮೇಲೆ ಬ್ಯಾಟರಿಯ ವೋಲ್ಟೇಜ್ ಏರುತ್ತದೆಯೇ ನೋಡಿ.

ಮೂರನೆಯದು ಪ್ಲಗ್ಗುಗಳು, ತಿರುಪುಗಳು. ಗಾಡಿ ಓಡಿಸಿ ಬಂದು, ಕೀ ತೆಗೆದು, ಹೊರಗಿನ ಪ್ಲಾಸ್ಟಿಕ್ಕನ್ನು ಬೆರಳ ಹಿಂಬದಿಯಿಂದ ಮುಟ್ಟಿ. ಬಿಸಿಯಾದ, ಕಂದಿದ, ಕಿಲುಬಿದ ಜಾಗವೇ ಕಳ್ಳ.

ನಾಲ್ಕನೆಯದು ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ವಿಶ್ರಮಿಸಿದ ಬ್ಯಾಟರಿಯ ವೋಲ್ಟೇಜ್. ಸೀಸದ್ದಾದರೆ ಒಂದೊಂದರಲ್ಲೂ 12.7ರಿಂದ 13ರವರೆಗೆ ಇರಬೇಕು. ಚಾರ್ಜಿನ ನಂತರವೂ 12ಕ್ಕಿಂತ ಕೆಳಗಿದ್ದರೆ ಅನುಮಾನ ಗಟ್ಟಿ. ಐದನೆಯದು ಮತ್ತು ಕೊನೆಯದು ಹೊರೆಯ ಪರೀಕ್ಷೆ. ಇದರಲ್ಲೂ ಸೋತರೆ ಮಾತ್ರ ಬ್ಯಾಟರಿ ಹೋಗಿದೆ.

ಪೋಷಕರು ಗಮನಿಸಿ: ಇವನ್ನು ಮಕ್ಕಳು ಒಬ್ಬರೇ ಮಾಡಬಾರದು. ಬಳೆ, ಉಂಗುರ, ಗಡಿಯಾರ ತೆಗೆದಿಡಬೇಕು. ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಬೇಕು, ಅದು ಬ್ಯಾಟರಿಯ ಎರಡು ತುದಿಗಳಿಗೂ ಒಮ್ಮೆಗೇ ತಗುಲಿದರೆ ಕಬ್ಬಿಣವೇ ಕೆಂಪಗೆ ಕಾಯುತ್ತದೆ. ಮೀಟರಿನ ಕೆಂಪು ತಂತಿ ವೋಲ್ಟ್ ರಂಧ್ರದಲ್ಲೇ ಇದೆಯೆಂದು ಎರಡು ಸಲ ನೋಡಬೇಕು. ಆಂಪಿಯರ್ ರಂಧ್ರದಲ್ಲಿಟ್ಟು ಬ್ಯಾಟರಿಗೆ ತಾಗಿಸಿದರೆ ಅದೂ ಶಾರ್ಟೇ. ಲಿಥಿಯಂ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಲೇಬಾರದು. ಅದು ಉಬ್ಬಿದ್ದರೆ, ವಾಸನೆ ಬರುತ್ತಿದ್ದರೆ, ಸುಮ್ಮನಿದ್ದಾಗಲೂ ಬಿಸಿಯಾಗಿದ್ದರೆ ಚಾರ್ಜಿಗೆ ಹಾಕದೆ, ಮನೆಯಿಂದ ದೂರವಿಟ್ಟು ಸೇವಾ ಕೇಂದ್ರಕ್ಕೆ ತಿಳಿಸಿ.

ಹೊಸತು ಕೊಳ್ಳುವಾಗ

ಬ್ಯಾಟರಿ ಬದಲಾಯಿಸಲೇಬೇಕಾದಾಗ ಅಂಗಡಿಯಲ್ಲಿ ಸಂಕೋಚಪಡದೆ ಕೇಳಿ. ನಾಲ್ಕೂ ಒಂದೇ ಕಂಪನಿ, ಒಂದೇ ಸಾಮರ್ಥ್ಯ, ಒಂದೇ ತಿಂಗಳ ತಯಾರಿಕೆಯವೇ? ಬಹಳ ಕಾಲ ಕಪಾಟಿನಲ್ಲಿ ಕೂತ ಸೀಸದ ಬ್ಯಾಟರಿ ಓಡದೆಯೇ ಮುದಿಯಾಗಿರುತ್ತದೆ. ಮೀಟರ್ ಇಟ್ಟು ತೋರಿಸಿ ಎನ್ನಿ. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಲಿಥಿಯಂ ಆದರೆ ನಿಮ್ಮ ಗಾಡಿಯ ತಯಾರಕರು ಒಪ್ಪಿದ ಬ್ಯಾಟರಿಯೇ, ವಾರಂಟಿ ಎಷ್ಟು, ಚಾರ್ಜರ್ ಜೊತೆಗಿದೆಯೇ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಹಳೆಯದನ್ನು ಬಿಚ್ಚುವ ಮುನ್ನ ತಂತಿಗಳ ಜೋಡಣೆಯ ಫೋಟೋ ತೆಗೆದುಕೊಳ್ಳಿ. ಎಂಸಿಬಿ ಇಳಿಸಿ ಕೆಲಸ ಶುರು ಮಾಡಿ. ಧನ, ಋಣ ತುದಿಗಳು ಅದಲುಬದಲಾದರೆ ನಿಯಂತ್ರಕ ಸುಡುತ್ತದೆ. ತಿರುಪುಗಳನ್ನು ಬಿಗಿಯಾಗಿ ಕೂರಿಸಿ. ಸಡಿಲ ತಿರುಪು ಏನು ಮಾಡುತ್ತದೆಂದು ಈಗಾಗಲೇ ನೋಡಿದ್ದೀರಿ.

48 ವೋಲ್ಟ್, 24 ಆಂಪಿಯರ್-ಗಂಟೆಯ ಒಂದು ಗುಂಪಿನಲ್ಲಿ ಹಿಡಿಯುವುದು 1,152 ವಾಟ್-ಗಂಟೆ. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು. ದಿನದ ಖರ್ಚು ಅಷ್ಟು ಸಣ್ಣದು. ನಿಜವಾದ ಖರ್ಚು ಬ್ಯಾಟರಿಯ ಆಯುಸ್ಸಿನಲ್ಲಿದೆ. ಆದ್ದರಿಂದ ಸಿಗುವ ಮುಖ್ಯ ಉಳಿತಾಯ ಒಂದೇ: ಬ್ಯಾಟರಿಯನ್ನು ಖಾಲಿ ಬಿಡದಿರುವುದು, ಮತ್ತು ಸಾಯುವ ಮೊದಲೇ ಅದನ್ನು ಹೂಳದಿರುವುದು.

ಹಳೆಯ ಬ್ಯಾಟರಿ ತಿಪ್ಪೆಗಲ್ಲ, ಕೆರೆಗಂತೂ ಅಲ್ಲವೇ ಅಲ್ಲ. ಸೀಸ ಮಕ್ಕಳ ಮಿದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಹಿಂಪಡೆದು ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರದು. ಸೀಸಕ್ಕೆ ಅಂಗಡಿಯಲ್ಲೇ ಬೆಲೆ ಕೊಡುತ್ತಾರೆ. ಲಿಥಿಯಂಗೂ ಬೆಲೆಯಿದೆ. ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು 2021ರಲ್ಲಿ ಕೇಂದ್ರ ಸರ್ಕಾರ ತಿಳಿಸಿದಾಗ ಎಷ್ಟು ಸಂಭ್ರಮಪಟ್ಟೆವು! ಬಂಡೆಯಿಂದ ತೆಗೆಯಬೇಕಾದ ಅದೇ ಲೋಹ ನಮ್ಮ ಹಳೆಯ ಬ್ಯಾಟರಿಗಳಲ್ಲಿ ಆಗಲೇ ಇದೆ.

ಕೊನೆಗೆ ಹೊಳೆನರಸೀಪುರದ ಹುಡುಗಿಯ ವಿಚಾರ. ಕಡಸಿನ ದುಡ್ಡಿನಲ್ಲಿ ಅರ್ಧವಾದರೂ ಕೊಡುತ್ತೇನೆಂದು ಹೋದೆ. ಅವಳಪ್ಪ ತೆಗೆದುಕೊಳ್ಳಲಿಲ್ಲ. "ಕೊಡೋದಾದ್ರೆ ಆ ಮೀಟ್ರು ಕೊಡಿ ಮೇಷ್ಟ್ರೇ, ಅವಳು ನೋಡ್ಕತಾಳೆ" ಎಂದ. ಕೊಟ್ಟು ಬಂದೆ. ಅವಳು ಕಾಲೇಜು ಬಿಡಲಿಲ್ಲ. ಮತ್ತೆ ಆ ಊರಿಗೆ ಹೋದಾಗ ಗಾಡಿಯ ಸೀಟೆತ್ತಿ ನೋಡಿದೆ. ಒಳಗೆ ನೋಟ್‌ಬುಕ್ಕಿನ ಒಂದು ಹಾಳೆ ಅಂಟಿಸಿದ್ದಳು: ತಿಂಗಳ ಮೊದಲ ಭಾನುವಾರದ ತಾರೀಖು, ಎದುರಿಗೆ ನಾಲ್ಕು ಬ್ಯಾಟರಿಗಳ ನಾಲ್ಕು ಅಂಕಿ, ಕೊನೆಯ ಕಾಲಂನಲ್ಲಿ 'ಪ್ಲಗ್ ತಣ್ಣಗಿದೆ'.

ನಿಮ್ಮ ಮನೆಯಲ್ಲೂ ಬ್ಯಾಟರಿ ಗಾಡಿಯಿದ್ದರೆ ಅದು ಚೆನ್ನಾಗಿ ಓಡುತ್ತಿರುವಾಗಲೇ ಅಂಥ ಒಂದು ಹಾಳೆ ಅಂಟಿಸಿ. ಆರೋಗ್ಯವಾಗಿದ್ದಾಗಿನ ಅಂಕಿ ಗೊತ್ತಿದ್ದರೆ ತಾನೇ ಕಾಯಿಲೆಯ ಅಂಕಿ ಗೊತ್ತಾಗುವುದು. ನಾಳೆ ಯಾರಾದರೂ ಬಂದು ಗೀಟು ನೋಡಿ 'ಬ್ಯಾಟರಿ ಹೋಗಿದೆ' ಎಂದರೆ, ಅವರು ನಿಮ್ಮ ಮೇಷ್ಟ್ರೇ ಆಗಿದ್ದರೂ ಸರಿ, "ಎಷ್ಟು ವೋಲ್ಟ್ ಬಂತು ಸಾರ್?" ಎಂದು ಕೇಳಿ.